ಮಡಿಕೇರಿಯ ಹಳೆ ಹೋಟೆಲ್–ಬಾರು: ಚಂದದ ಹಿಂದಿನ ಲೆಕ್ಕ

ಪೇಟೆಯ ಹಳೆ ಹೋಟೆಲೊಂದರ ಮಾಡಿನಿಂದ ಹೆಂಚು ಇಳಿಸುತ್ತಿದ್ದಾರೆ ಎಂದರೆ ಸಾಕು, ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಫೋಟೊ ಓಡಾಡತೊಡಗುತ್ತದೆ. ಅಲ್ಲಿಯ ಪಂದಿ ಕರಿ (ಹಂದಿ ಮಾಂಸದ ಸಾರು) ಇನ್ನೆಲ್ಲಿ ಸಿಗುತ್ತದೆ ಎಂದು ಒಬ್ಬರು, ಮೂಲೆಯ ಮೇಜು ಹೋಯಿತಲ್ಲ ಎಂದು ಇನ್ನೊಬ್ಬರು. ರಜೆಗೆ ಬೆಟ್ಟ ನೋಡಲು ಬಂದವರಿಗೆ ಮಾತ್ರ ಇದು ಅರ್ಥವಾಗುವುದಿಲ್ಲ. ಮಂದ ಬೆಳಕು, ಬಾಗಿಲಿಗೊಂದು ಪರದೆ, ಕೆಂಪು ನೆಲ, ಕರಿಹಲಗೆಯ ಮೇಲೆ ಐದಾರು ಐಟಂ. ಇದರಲ್ಲಿ ಅಂಥದ್ದೇನಿದೆ?

ಇಲ್ಲಿ ಚಂದ ಕಾಣುವ ಯಾವುದನ್ನೂ ಚಂದಕ್ಕೆಂದು ಮಾಡಿಲ್ಲ. ಮಳೆ, ಸಂತೆಯ ವಾರ, ಅಬಕಾರಿ ಕಾಯ್ದೆ, ಕಾಡಿನ ಒಂದು ಹುಳಿ ಹಣ್ಣು ಸೇರಿ ಅದಕ್ಕೆ ಆ ರೂಪ ಕೊಟ್ಟಿವೆ. ಹೊಸ ಜಾಗದಲ್ಲಿ ಹಳೆ ಬೆಂಚು, ಲಾಟೀನು ತಂದಿಟ್ಟು ಅದನ್ನು ಮತ್ತೆ ಮಾಡಲು ಹೊರಟವರು ಎಡವುವುದು ಈ ಕಾರಣಗಳನ್ನು ಬಿಟ್ಟಾಗಲೇ.

ಮೊದಲು ಹೆಸರುಗಳು

ನಮ್ಮಲ್ಲಿ ಸಲೂನ್ ಎಂದರೆ ಕೂದಲು ಕತ್ತರಿಸುವ ಅಂಗಡಿ. ಮೂಲದಲ್ಲಿ ಅದು ಫ್ರೆಂಚರ ದೊಡ್ಡ ಕೋಣೆ. ಇಂಗ್ಲಿಷರ ಪಬ್ಬುಗಳಲ್ಲಿ ಎರಡು ಭಾಗಗಳಿರುತ್ತಿದ್ದವು: ಕೂಲಿ ಮಾಡಿ ಬಂದವರಿಗೆ ಬರಿನೆಲದ ಕೋಣೆ, ತುಸು ಹೆಚ್ಚು ಕಾಸು ಕೊಡುವವರಿಗೆ ಮೆತ್ತೆ ಹಾಸಿದ ಸಲೂನ್. ಗ್ಲಾಸಿನಲ್ಲಿದ್ದದ್ದು ಹೆಚ್ಚುಕಡಿಮೆ ಒಂದೇ, ಕೂರುವ ಜಾಗ ಮಾತ್ರ ಬೇರೆ. ಕೊಡಗಿನ ಹಳೆ ಹೋಟೆಲುಗಳಲ್ಲಿ ಇದೇ ವಿಂಗಡಣೆ ಬೇರೆ ಹೆಸರಿನಲ್ಲಿ ಉಳಿದಿದೆ. ಮುಂದಿನ ಹಾಲಿನಲ್ಲಿ ಊಟ–ಕಾಫಿ, ಪರದೆಯ ಆಚೆ ಬಾರು, ಪಕ್ಕದಲ್ಲಿ ಹಲಗೆ ಹೊಡೆದು ಮಾಡಿದ ಫ್ಯಾಮಿಲಿ ರೂಮು.

ಬೋರ್ಡುಗಳ ಮೇಲೆ ಕಾಣುವ ಇನ್ನೆರಡು ಹೆಸರುಗಳನ್ನು ಬಿಡಿಸಿ ನೋಡಬೇಕು. ವೈನ್ ಶಾಪ್ ಎಂದು ಬರೆದ ಕಡೆ ವೈನ್ ಒಂದನ್ನೇ ಮಾರುವುದಿಲ್ಲ. ಅದು ಬಾಟಲಿ ಕೊಂಡು ಹೋಗುವ ಅಂಗಡಿ, ಅಲ್ಲೇ ಕೂತು ಕುಡಿಯುವ ಹಾಗಿಲ್ಲ. ಬಾರ್ ಅಂಡ್ ರೆಸ್ಟೋರೆಂಟ್ ಎಂದಿದ್ದರೆ ಕೂತು ಕುಡಿಯಬಹುದು. ಈ ವ್ಯತ್ಯಾಸದ ಹಿಂದೆ ಎರಡು ಬೇರೆ ಬೇರೆ ಸನ್ನದುಗಳಿವೆ, ಅಂದರೆ ಲೈಸೆನ್ಸುಗಳು, ಅದು ಮುಂದೆ.

ಊರಿಗೆ ಹೋಟೆಲು ಯಾಕೆ ಬೇಕಾಯಿತು

ಕೊಡಗಿನ ಹಳೆಯ ಬದುಕಿನಲ್ಲಿ ದುಡ್ಡು ಕೊಟ್ಟು ಉಣ್ಣುವ ಜಾಗಕ್ಕೆ ಕೆಲಸವಿರಲಿಲ್ಲ. ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಬಂದವರಿಗೆ ಅಲ್ಲೇ ಊಟ. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ)–ಪಂದಿ ಕರಿ, ಸುಗ್ಗಿಯ ಹಬ್ಬ ಪುತ್ತರಿಗೆ ತಂಬುಟ್ಟು, ಮಳೆಗಾಲದ ಕಕ್ಕಡ ತಿಂಗಳ 18ನೇ ದಿನಕ್ಕೆ ಮದ್ದ್ ಪಾಯಸ. ಎಲ್ಲವೂ ಮನೆಯ ಅಡುಗೆ. ಮದ್ಯಕ್ಕೂ ಮನೆಯಲ್ಲೇ ಜಾಗವಿತ್ತು. ಗುರುಕಾರಣರಿಗೆ, ಅಂದರೆ ಮನೆತನದ ಗತಿಸಿದ ಹಿರಿಯರಿಗೆ, ಮೀದಿ (ನೈವೇದ್ಯ) ಇಡುವಾಗ ಅದೂ ಎಡೆಯಲ್ಲಿ ಇರುತ್ತದೆ. ಹೀಗಾಗಿ ಕುಡಿತವನ್ನು ಪೂರ್ತಿ ಮರೆಮಾಚುವ ಅಭ್ಯಾಸ ಇಲ್ಲಿ ಬೆಳೆಯಲಿಲ್ಲ.

ಪೇಟೆಯ ಕಥೆ ಬೇರೆ. 1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ಕೈಗೆ ತೆಗೆದುಕೊಂಡರು. ಮಡಿಕೇರಿ ಅವರ ಬಾಯಲ್ಲಿ ಮರ್ಕೆರಾ ಆಯಿತು, ಕಚೇರಿ ಬಂತು, ಕಚೇರಿಗೆ ಅಲೆಯುವವರು ಬಂದರು. 1854ರಲ್ಲಿ ಫೌಲರ್ ಎಂಬ ಬಿಳಿಯ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ. ಅವನ ಹಿಂದೆ ಇನ್ನಷ್ಟು ತೋಟ, ತೋಟದ ಹಿಂದೆ ಕೂಲಿಗೆ ಬಂದ ಜನ, ಅವರಿಗೆ ಲೈನ್‌ಮನೆ (ಸಾಲಾಗಿ ಕಟ್ಟಿದ ಕೂಲಿಮನೆ), ವಾರಕ್ಕೊಮ್ಮೆ ಬಟವಾಡೆ. ಸಾಹೇಬರು ಕೂರಲು ತಮ್ಮದೇ ಕ್ಲಬ್ಬು ಕಟ್ಟಿಕೊಂಡರು. ಉಳಿದವರಿಗೆ ಹೋಟೆಲು ಬೇಕಾಯಿತು.

ಈ ಹೋಟೆಲುಗಳ ನಾಡಿ ಹಿಡಿದದ್ದು ಸಂತೆ. ಮಡಿಕೇರಿಯಲ್ಲಿ ಶುಕ್ರವಾರ, ವಿರಾಜಪೇಟೆಯಲ್ಲಿ ಬುಧವಾರ, ಗೋಣಿಕೊಪ್ಪದಲ್ಲಿ ಭಾನುವಾರ. ಸೋಮವಾರಪೇಟೆ, ಶನಿವಾರಸಂತೆಗಳಿಗಂತೂ ವಾರವೇ ಹೆಸರು. ಹಳೆ ಹೋಟೆಲುಗಳು ಇಂದಿಗೂ ಸಂತೆಯ ದಿನ ದೊಡ್ಡ ಪಾತ್ರೆ ಏರಿಸುತ್ತವೆ, ಮರುದಿನ ಅರ್ಧ ಪಾತ್ರೆ. ಪ್ರವಾಸಿಗರ ಶನಿವಾರ–ಭಾನುವಾರ ಈ ಲೆಕ್ಕಕ್ಕೆ ಸೇರಿದ್ದು ತೀರಾ ಈಚೆಗೆ.

ಇನ್ನೊಂದು ಕಾರಣ ರಸ್ತೆ. ಕೊಡಗು ಜಿಲ್ಲೆಯಲ್ಲಿ ಇಂದಿಗೂ ಒಂದು ರೈಲು ನಿಲ್ದಾಣವಿಲ್ಲ. ಮೈಸೂರಿನಿಂದ ಮಂಗಳೂರಿಗೆ ಹೋಗುವ ಬಸ್ಸು, ಲಾರಿ ಮಡಿಕೇರಿಯಲ್ಲೇ ಉಸಿರು ಬಿಡಬೇಕು. ಅಲ್ಲಿಗೆ ಅರ್ಧ ದಾರಿ ಆಗಿರುತ್ತದೆ, ಮುಂದೆ ಸಂಪಾಜೆ ಘಾಟಿ. ಹಾಗೆ ಒಂದೇ ಬೀದಿಯಲ್ಲಿ ಉಡುಪಿಯ ಕಡೆಯವರ ದೋಸೆ–ಕಾಫಿ ಹೋಟೆಲು, ಮಲಬಾರಿನ ಕಡೆಯವರ ಪರೋಟ–ಬಿರಿಯಾನಿ, ಪಂದಿ ಕರಿ ಸಿಗುವ ಬಾರು ಸಾಲಾಗಿ ನಿಂತವು. ಮೂರೂ ಒಂದರ ಗಿರಾಕಿಯನ್ನು ಒಂದು ಕಿತ್ತುಕೊಳ್ಳದೆ ನಡೆದವು. ಯಾರು ಎಲ್ಲಿ ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಊರು ಇದು.

ಸನ್ನದು ಎಂಬ ಕಾಗದ

1956ರ ನವೆಂಬರ್ 1ರವರೆಗೆ ಕೊಡಗು ತನ್ನದೇ ಪುಟ್ಟ ರಾಜ್ಯ. ಮೈಸೂರಿಗೆ ಸೇರಿದ ಮೇಲೆ ಅಲ್ಲಿಯ ಕಾನೂನು ಇಲ್ಲಿಗೂ ಬಂತು. ಈಗ ನಡೆಯುವುದು 1965ರ ಅಬಕಾರಿ ಕಾಯ್ದೆ ಮತ್ತು ಅದರ ಕೆಳಗಿನ 1968ರ ನಿಯಮಗಳ ಮೇಲೆ. ಅದರಲ್ಲಿ ಸನ್ನದುಗಳಿಗೆ ಸಿ.ಎಲ್. ಎಂದು ನಂಬರು. ಓದುಗರಿಗೆ ಮೂರು ಗೊತ್ತಿದ್ದರೆ ಸಾಕು. ಸಿ.ಎಲ್.–2 ಎಂದರೆ ಬಾಟಲಿ ಅಂಗಡಿ. ಸಿ.ಎಲ್.–7 ತಂಗುವ ಕೋಣೆಗಳಿರುವ ಲಾಡ್ಜಿಗೆ. ಸಿ.ಎಲ್.–9 ಊಟ–ತಿಂಡಿಯ ಜೊತೆ ಮದ್ಯ ಬಡಿಸುವ ಬಾರಿಗೆ. ಪೇಟೆಯ ಹಳೆ ಬಾರುಗಳು ಹೆಚ್ಚಾಗಿ ಈ ಕೊನೆಯ ಗುಂಪಿನವು.

ಹಳೆತನಕ್ಕೂ ಈ ನಂಬರಿಗೂ ಏನು ನಂಟು? 1992ರ ನಂತರ ರಾಜ್ಯದಲ್ಲಿ ಹೊಸ ಸಿ.ಎಲ್.–2, ಸಿ.ಎಲ್.–9 ಸನ್ನದು ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಇದ್ದವನ್ನೇ ನವೀಕರಿಸಿಕೊಂಡು, ಅನುಮತಿ ಪಡೆದು ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಿಕೊಂಡು ದಶಕಗಳು ನಡೆದವು. ಟ್ಯಾಕ್ಸಿಯ ಪರ್ಮಿಟ್ಟು ನಿಂತುಹೋದ ಊರಿನಲ್ಲಿ ಹಳೆ ಕಾರಿಗಿಂತ ಅದರ ಪರ್ಮಿಟ್ಟಿಗೇ ಬೆಲೆ ಏರುವುದಿಲ್ಲವೇ, ಹಾಗೆ. ಕಟ್ಟಡ ಸೋರಲಿ, ಕುರ್ಚಿ ಅಲುಗಾಡಲಿ, ಕಾಗದ ಬದುಕಿದ್ದರೆ ಬಾರು ಬದುಕಿರುತ್ತದೆ. ಕಾಗದ ಮಾರಿಹೋದರೆ ಕಟ್ಟಡ ಎಷ್ಟು ಗಟ್ಟಿಯಾಗಿದ್ದರೂ ಬಾರು ಮುಚ್ಚುತ್ತದೆ.

ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹಾಗಾಗಿ ಮಳೆಗಾಲ ಬರುವ ಹೊತ್ತಿಗೆ ಮಾಲೀಕರಿಗೆ ಎರಡು ಖರ್ಚು ಒಂದರ ಹಿಂದೆ ಒಂದು: ಏಪ್ರಿಲ್–ಮೇನಲ್ಲಿ ಮಾಡಿನ ರಿಪೇರಿ, ಜೂನ್‌ನಲ್ಲಿ ಸನ್ನದಿನ ಶುಲ್ಕ. ಸನ್ನದಿನ ಜೊತೆ ಕಟ್ಟಡದ ನಕ್ಷೆಯೂ ಇರುತ್ತದೆ. ನಕ್ಷೆಯಲ್ಲಿ ಗುರುತಿಸಿದ ಜಾಗದ ಒಳಗಷ್ಟೇ ಮದ್ಯ ಬಡಿಸಬಹುದು. ಜಗಲಿಯಲ್ಲಿ ಮಳೆ ನೋಡುತ್ತ ಒಂದು ಪೆಗ್ ಹಾಕೋಣ ಎಂದರೆ ಸಪ್ಲಾಯರ್ ತಲೆಯಾಡಿಸುವುದು ಸೊಕ್ಕಿಗಲ್ಲ, ಜಗಲಿ ನಕ್ಷೆಯ ಹೊರಗಿರುತ್ತದೆ. ಗೋಡೆ ಒಡೆದು ಹಾಲು ದೊಡ್ಡದು ಮಾಡಬೇಕಾದರೂ ಇಲಾಖೆಯ ಒಪ್ಪಿಗೆ ಬೇಕು. ಒಳಾಂಗಣ ಹಳೆಯ ಹಾಗೇ ಉಳಿದದ್ದಕ್ಕೆ ಪ್ರೀತಿ ಎಷ್ಟು ಕಾರಣವೋ ಈ ಓಡಾಟದ ಬೇಸರವೂ ಅಷ್ಟೇ ಕಾರಣ.

ಎರಡು ಹೊಡೆತಗಳನ್ನು ಹೇಳಲೇಬೇಕು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಅಂಗಡಿಗೆ ಹೋಗುತ್ತಿದ್ದ ತೋಟದ ಕೆಲಸಗಾರರು ಅಗ್ಗದ ವಿಸ್ಕಿ–ರಮ್ಮಿನ ಕಡೆ ತಿರುಗಿದರು. ಎರಡನೆಯದು ಸುಪ್ರೀಂ ಕೋರ್ಟಿನ 2016ರ ಡಿಸೆಂಬರ್ ಆದೇಶ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದಿತು. 20,000ದ ಒಳಗಿನ ಜನಸಂಖ್ಯೆಯ ಊರುಗಳಿಗೆ 2017ರ ಮಾರ್ಚ್ ಕೊನೆಗೆ ಅದನ್ನು 220 ಮೀಟರಿಗೆ ಇಳಿಸಿತು. ಬಯಲುಸೀಮೆಯಲ್ಲಿ 500 ಮೀಟರ್ ಸರಿಯುವುದೆಂದರೆ ಪಕ್ಕದ ಬೀದಿ. ಮಲೆನಾಡಿನ ಊರಲ್ಲಿ ಹೆದ್ದಾರಿಯೇ ಪೇಟೆ, ಅದರಾಚೆ ಒಂದೋ ದರೆ, ಇಲ್ಲವೇ ಕಣಿವೆ. ಅದೇ ವರ್ಷದ ಜುಲೈನಲ್ಲಿ, ನಗರ–ಪಟ್ಟಣಗಳ ಸರಹದ್ದಿನೊಳಗಿನ ಸನ್ನದುಗಳಿಗೆ ಈ ನಿಷೇಧ ಅಡ್ಡಿಯಲ್ಲ ಎಂದು ಕೋರ್ಟು ಸ್ಪಷ್ಟಪಡಿಸಿದ ಮೇಲೆ ಪೇಟೆಯ ಬಾರುಗಳು ಉಸಿರಾಡಿದವು.

ಅಡುಗೆಮನೆ: ಕಪ್ಪು ಮಸಾಲೆ, ಕಪ್ಪು ಹುಳಿ

ಹಳೆ ಬಾರಿನ ಹೆಸರು ನಿಂತಿರುವುದು ಕೌಂಟರಿನ ಮೇಲಲ್ಲ, ಒಲೆಯ ಮೇಲೆ. ಪಂದಿ ಕರಿಯ ಬಣ್ಣ ಕಪ್ಪು. ಅದು ಎರಡು ಕಡೆಯಿಂದ ಬರುತ್ತದೆ: ಹುರಿದ ಮಸಾಲೆ ಮತ್ತು ಕಾಚಂಪುಳಿ.

ಕಾಚಂಪುಳಿ ಎಂದರೆ ಪಣಪುಳಿ ಹಣ್ಣಿನ ರಸವನ್ನು ಬತ್ತಿಸಿದ ಪಾಕ. ಘಟ್ಟದ ಬೇರೆ ಕಡೆ ಇದೇ ಮರವನ್ನು ಉಪ್ಪಾಗೆ ಎನ್ನುತ್ತಾರೆ, ಪುನರ್ಪುಳಿಯ ಹತ್ತಿರದ ನೆಂಟ. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ್ದನ್ನು ಆರಿಸಿ ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ತಾನಾಗಿ ಕೊಳೆತು ಕೆಲವು ದಿನ ರಸ ತೊಟ್ಟಿಕ್ಕುತ್ತದೆ. ಸೋಸಿ ಮಣ್ಣಿನ ಮಡಕೆಯಲ್ಲಿ ಸಣ್ಣ ಉರಿಗೆ ಗಂಟೆಗಟ್ಟಲೆ ಕುದಿಸಿದರೆ ಕಾಕಂಬಿಯಂತೆ ಕಪ್ಪಾಗಿ ಗಟ್ಟಿಯಾಗುತ್ತದೆ. ಬುಟ್ಟಿ ತುಂಬ ಹಣ್ಣಿಗೆ ಸಿಗುವುದು ಅಷ್ಟಿಷ್ಟೇ, ಅದಕ್ಕೇ ದುಬಾರಿ. ಗಾಜು ಅಥವಾ ಪಿಂಗಾಣಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ಫ್ರಿಜ್ಜು ಬೇಡ. ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದು, ಹುಳಿ ಲೋಹವನ್ನು ತಿನ್ನುತ್ತದೆ.

ಇದನ್ನು ಕೊಡಗಿನ ವಿನಿಗರ್ ಎಂದು ಮಾರುತ್ತಾರೆ. ಆ ಹೆಸರು ದಾರಿ ತಪ್ಪಿಸುತ್ತದೆ. ವಿನಿಗರಿನ ಹುಳಿ ಅಸಿಟಿಕ್ ಆಮ್ಲ, ಮೂಗಿಗೆ ಹೊಡೆಯುತ್ತದೆ, ಕುದಿಸಿದರೆ ಆವಿಯಾಗುತ್ತದೆ. ಕಾಚಂಪುಳಿಯ ಮುಖ್ಯ ಹುಳಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ, ಕುದಿಗೆ ಹಾರಿಹೋಗುವುದಿಲ್ಲ. ಹುಣಸೆ ಮತ್ತು ಬೆಲ್ಲದ ಕಪ್ಪು ಪಾಕ ಹಾಕಿದ ಕರಿಯಲ್ಲಿ ಸಿಹಿ ಮುಂದೆ ಬರುತ್ತದೆ. ನಿಜವಾದದ್ದರಲ್ಲಿ ಮೊದಲು ಹುಳಿ, ಹಿಂದೆಯೇ ಸುಟ್ಟ ಹಣ್ಣಿನಂಥ ತುಸು ಒಗರು.

ಒಂದು ಕಿಲೊ ಹಂದಿ ಮಾಂಸದ ಲೆಕ್ಕ ಹೀಗೆ. ಚರ್ಮ, ಕೊಬ್ಬು ಸಹಿತ ತುಂಡು ಬೇಕು. ತುಪ್ಪಳವನ್ನು ಬೆಂಕಿಯಲ್ಲಿ ಸುಟ್ಟು ಕೆರೆದ ಚರ್ಮವಾದರೆ ಪರಿಮಳ ಬೇರೆ. ಅರ್ಧ ಚಮಚ ಅರಿಶಿನ, ಒಂದೂವರೆ ಚಮಚ ಉಪ್ಪು, ಖಾರದ ಪುಡಿ ಸವರಿ ಅರ್ಧ ಗಂಟೆ ಬಿಡುತ್ತಾರೆ. ಮೂರು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಎರಡು ಇಂಚು ಶುಂಠಿ, ಆರು ಹಸಿಮೆಣಸು ಜಜ್ಜಿ ಸೇರಿಸಿ ಒಲೆಗೆ. ಎಣ್ಣೆ ಬೇಡ, ನೀರು ಒಂದು ಲೋಟ ಸಾಕು, ಮಾಂಸವೇ ನೀರೂ ಕೊಬ್ಬೂ ಬಿಡುತ್ತದೆ. ಮುಚ್ಚಿ ಸಣ್ಣ ಉರಿಯಲ್ಲಿ ಒಂದು ಗಂಟೆ, ಬಲಿತ ಹಂದಿಯಾದರೆ ಒಂದೂವರೆ.

ಅಷ್ಟರಲ್ಲಿ ಮಸಾಲೆ: ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದು ದೊಡ್ಡ ಚಮಚ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಒಂದು ಚಿಕ್ಕ ಚಮಚ ಸಾಸಿವೆ, ಕಾಲು ಚಮಚ ಮೆಂತ್ಯ. ಬೇರೆ ಬೇರೆಯಾಗಿ ಹುರಿಯಬೇಕು, ಏಕೆಂದರೆ ಕೊತ್ತಂಬರಿ ಕಂದು ಬಣ್ಣಕ್ಕೆ ಬರುವಷ್ಟರಲ್ಲಿ ಮೆಂತ್ಯ ಕರಕಲಾಗಿರುತ್ತದೆ. ಕಾಫಿ ಬೀಜ ಹುರಿದು ಗೊತ್ತಿರುವ ಕೈಗೆ ಇದು ಸುಲಭ: ಗಾಢ ಕಂದು ದಾಟಿ, ಹೊಗೆ ಕಹಿಯಾಗುವ ಮುಂಚೆ ಇಳಿಸಿ, ಪುಡಿ ಮಾಡಿ ಮಾಂಸಕ್ಕೆ ಬೆರೆಸಬೇಕು. ಅರ್ಧ ನಿಮಿಷ ತಡವಾದರೆ ಇಡೀ ಪಾತ್ರೆ ಕಹಿ. ಅದಕ್ಕೆ ಮದ್ದಿಲ್ಲ, ಬೆಲ್ಲ ಹಾಕಿದರೆ ಸಿಹಿ–ಕಹಿ ಎರಡೂ ಆಗುತ್ತದೆ ಅಷ್ಟೇ.

ಕಾಚಂಪುಳಿ ಕೊನೆಗೆ, ಒಂದರಿಂದ ಒಂದೂವರೆ ದೊಡ್ಡ ಚಮಚ, ಮಾಂಸ ಪೂರ್ತಿ ಬೆಂದ ಮೇಲೆ, ಇಳಿಸುವ ಹತ್ತು ನಿಮಿಷ ಮುಂಚೆ. ಮೊದಲೇ ಹಾಕಿದರೆ ಹುಳಿಗೆ ಮಾಂಸ ನೀರು ಬಿಟ್ಟು ಬಿಗಿಯಾಗಬಹುದು. ಹೊಸ ಹೋಟೆಲುಗಳ ಪಂದಿ ಕರಿ ರಬ್ಬರಿನಂತಿದ್ದರೆ ಹೆಚ್ಚಾಗಿ ಇದೇ ತಪ್ಪು, ಇಲ್ಲವೇ ಕುಕ್ಕರಿನ ಅವಸರ.

ಹುಳಿಗೆ ಇನ್ನೊಂದು ಕೆಲಸವಿದೆ. ಅದು ಕರಿಯನ್ನು ಬೇಗ ಹಳಸಲು ಬಿಡುವುದಿಲ್ಲ. ಮರುದಿನ ಮಸಾಲೆ ಕೊಬ್ಬಿಗೆ ಇಳಿದು ರುಚಿಯೂ ಹೆಚ್ಚು. ಹಳೆ ಹೋಟೆಲುಗಳ ನಿನ್ನೆಯ ಕರಿಗೆ ಬೇಡಿಕೆ ಇರುವುದು ಸುಮ್ಮನೆ ಅಲ್ಲ. ಆದರೆ ದೊಡ್ಡ ಪಾತ್ರೆ ತಾನಾಗಿ ಆರಲು ರಾತ್ರಿಯಿಡೀ ಬೇಕು, ಆ ಉಗುರುಬೆಚ್ಚಗಿನ ಹೊತ್ತಿನಲ್ಲೇ ಕೆಡುವುದು. ಚಿಕ್ಕ ಪಾತ್ರೆಗಳಿಗೆ ಹಂಚಿ ಬೇಗ ಆರಿಸಿ ತಂಪಿನಲ್ಲಿಟ್ಟು, ಬೆಳಿಗ್ಗೆ ಕುದಿ ಬರಿಸಿಯೇ ಬಡಿಸಬೇಕು.

ಅಂದಹಾಗೆ, ಹಿಂದೆ ಪಂದಿ ಕರಿ ಎಂದರೆ ಕಾಡುಹಂದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಅದರ ಬೇಟೆ ಅಪರಾಧ. ಯಾವ ಹೋಟೆಲಾದರೂ ಕಾಡುಹಂದಿ ಇದೆ ಎಂದು ಪಿಸುಗುಟ್ಟಿದರೆ ಅದು ಸುಳ್ಳು, ಇಲ್ಲವೇ ಕೇಸು.

ಜೊತೆಗೆ ಕಡಂಬುಟ್ಟು. ಇದು ಅಕ್ಕಿ ತರಿಯ ಉಂಡೆ. ಒಂದು ಲೋಟ ತರಿಗೆ ಎರಡೂವರೆಯಿಂದ ಮೂರು ಲೋಟ ನೀರು, ಉಪ್ಪು. ಕುದಿಯುವ ನೀರಿಗೆ ತರಿ ಸುರಿದು ಕೈಬಿಡದೆ ಕದಡಿ, ನೀರು ಹೀರಿದ ಮೇಲೆ ಐದು ನಿಮಿಷ ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿಯಿರುವಾಗಲೇ ನಿಂಬೆಗಿಂತ ತುಸು ದೊಡ್ಡ ಉಂಡೆ ಕಟ್ಟಿ ಇಪ್ಪತ್ತು ನಿಮಿಷ ಹಬೆ. ಉಂಡೆ ಬಿರುಕು ಬಿಟ್ಟರೆ ಹಿಟ್ಟು ತಣಿದಿತ್ತು ಅಥವಾ ನೀರು ಸಾಲದು. ಅಂಟು ಅಂಟಾದರೆ ನೀರು ಹೆಚ್ಚು ಅಥವಾ ತರಿಯಲ್ಲಿ ಹಿಟ್ಟಿತ್ತು. ತರಿ ಜರಡಿ ಹಿಡಿಯದ ಅಡುಗೆಮನೆಯಲ್ಲಿ ಕಡಂಬುಟ್ಟು ಕೇಳಬೇಡಿ, ನೂಪುಟ್ಟು (ಒತ್ತು ಶ್ಯಾವಿಗೆ) ಕೇಳಿ.

ಕರಿಹಲಗೆಯಲ್ಲಿ ಐದಾರೇ ಐಟಂ ಇರುವುದಕ್ಕೂ ಋತು ಕಾರಣ. ಬೈಂಬಳೆ ಕರಿ, ಅಂದರೆ ಕಣಿಲೆಯದ್ದು (ಎಳೆ ಬಿದಿರಿನ ಮೊಳಕೆ), ಮಳೆಗಾಲದಲ್ಲಿ ಮಾತ್ರ. ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ, ಹೆಚ್ಚಿ ಎರಡು–ಮೂರು ದಿನ ನೀರು ಬದಲಿಸುತ್ತ ನೆನೆಸಿಟ್ಟು, ಕುದಿಸಿ ಬಸಿದ ಮೇಲೆಯೇ ಮಸಾಲೆಗೆ. ಕುಮ್ಮು, ಅಂದರೆ ಕಾಡಿನ ಅಣಬೆ, ಮಳೆ–ಗುಡುಗಿನ ಲೆಕ್ಕದಲ್ಲಿ ಏಳುತ್ತದೆ. ವರ್ಷವಿಡೀ ಎರಡೂ ಸಿಗುವ ಜಾಗದಲ್ಲಿ ಡಬ್ಬಿ ತೆರೆಯುವ ಕತ್ತರಿ ಇದೆ ಎಂದೇ ಅರ್ಥ.

ಗ್ಲಾಸಿನ ಲೆಕ್ಕ

ಸ್ಮಾಲ್ ಎಂದರೆ 30 ಮಿಲಿ, ಲಾರ್ಜ್ 60. 180ರ ಕ್ವಾರ್ಟರಿನಲ್ಲಿ ಮೂರು ಲಾರ್ಜ್, 750ರ ಬಾಟಲಿಯಲ್ಲಿ ಹನ್ನೆರಡೂವರೆ. ಕಣ್ಣಳತೆಯಲ್ಲಿ ಸುರಿದರೆ ಗಿರಾಕಿಗೋ ಮಾಲೀಕರಿಗೋ ನಷ್ಟ. ಅದಕ್ಕೇ ಮುದ್ರೆ ಬಿದ್ದ ಅಳತೆಯ ಲೋಟ ಕೌಂಟರಿನ ಮೇಲಿರಬೇಕು. ನಮ್ಮ ರಮ್ಮು–ವಿಸ್ಕಿಗಳಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್. ಬಾಟಲಿ ಅಂಗಡಿಗಿಂತ ಬಾರಿನಲ್ಲಿ ದರ ಹೆಚ್ಚಿರುತ್ತದೆ, ಕೂರುವ ಜಾಗ, ಬಡಿಸುವ ಆಳು ಎರಡೂ ಅದರಲ್ಲಿ ಸೇರಿರುತ್ತದೆ.

ಕೊಬ್ಬಿನ ಪಂದಿ ತಿಂದರೆ ಏರುವುದಿಲ್ಲ ಎಂಬ ಮಾತು ಅರ್ಧ ನಿಜ. ಹೊಟ್ಟೆಯಲ್ಲಿ ಊಟವಿದ್ದರೆ ಮದ್ಯ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಸೇರದೆ ಇರುವುದಿಲ್ಲ. ಗಾಡಿ ಓಡಿಸುವವರಿಗೆ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಘಾಟಿ ಇಳಿಯುವವರು ಲೆಕ್ಕ ಹಾಕುವ ಗೋಜಿಗೇ ಹೋಗದೆ ಬೆಲ್ಲದ ಕಾಪಿ ಕುಡಿಯುವುದು ಒಳ್ಳೆಯದು.

ಮಾಡು, ಗೋಡೆ, ನೆಲ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿಗೆ. ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ. ಕಡಿದಾದ ಮಾಡು, ಮುಂದಕ್ಕೆ ಚಾಚಿದ ಸೂರು, ಸಣ್ಣ ಕಿಟಕಿ, ಜಗಲಿ ಎಲ್ಲವೂ ಇದಕ್ಕೆ ಉತ್ತರ. ಒಳಗಿನ ಮಂದ ಬೆಳಕು ಕಿಟಕಿ ಸಣ್ಣದಾದ್ದರ ಫಲ, ಯಾರೂ ಯೋಚಿಸಿ ತಂದ ವಾತಾವರಣವಲ್ಲ. ಒದ್ದೆ ಕೊಡೆ, ಕಂಬಳಿ, ಗಂಬೂಟು ಬಿಡಲು ಜಗಲಿ ಇಲ್ಲದಿದ್ದರೆ ಒಳಗೆಲ್ಲ ಕೆಸರು.

ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲಿನ ಪೇಟೆಗಳಿಗೂ ಮಂಗಳೂರು ಹೆಂಚು ಹತ್ತಿತು. ಒಂದರ ತುಟಿ ಇನ್ನೊಂದರ ಮೇಲೆ ಕೂರುವ ಈ ಹೆಂಚು ನೀರು ಜಾರಿಸುತ್ತದೆ, ಸಂದಿನಲ್ಲಿ ಹೊಗೆ ಬಿಡುತ್ತದೆ. ಸೌದೆ ಒಲೆಯ ಅಡುಗೆಮನೆಗೆ ಇದೇ ಚಿಮಣಿ. ಹೊಗೆ ಹಿಡಿದ ತೊಲೆಗೆ ಹುಳುವೂ ಬೇಗ ಹತ್ತುವುದಿಲ್ಲ. ಒಲೆಯನ್ನು ಗ್ಯಾಸಿಗೆ ಬದಲಿಸಿದ ಕಟ್ಟಡಗಳಲ್ಲಿ ಕೆಲವೇ ಮಳೆಗಾಲಗಳಲ್ಲಿ ತೊಲೆಗೆ ಬೂಷ್ಟು, ಗೆದ್ದಲು ಕಾಣಿಸಿಕೊಳ್ಳುವುದು ಇದರಿಂದ.

ಹೆಂಚು ಇಳಿಸಿ ತಗಡಿನ ಶೀಟು ಹಾಕಿದವರಿಗೆ ಎರಡು ತೊಂದರೆ. ಮಳೆ ಬಂದರೆ ಎದುರಿಗೆ ಕೂತವರ ಮಾತು ಕೇಳುವುದಿಲ್ಲ. ಅಡುಗೆಯ ಹಬೆ ತಣ್ಣನೆ ತಗಡಿಗೆ ತಾಗಿ ನೀರಾಗಿ ತಟ್ಟೆಗೇ ತೊಟ್ಟಿಕ್ಕುತ್ತದೆ, ಸೋರಿಕೆ ಎಂದು ಮತ್ತೆ ಡಾಂಬರು ಬಳಿಯುತ್ತಾರೆ. ಸೋರಿಕೆ ಅಲ್ಲವೇ ಅಲ್ಲ, ಗಾಳಿಯಾಡದ್ದು ಕಾರಣ.

ಕೆಂಪು ನೆಲಕ್ಕೆ ರೆಡ್ ಆಕ್ಸೈಡ್ ಬೆರೆಸಿದ ಸಿಮೆಂಟು. ಒಂದೇ ದಿನದಲ್ಲಿ ಒಬ್ಬರೇ ಕೈಯಾಡಿಸಿ ಮುಗಿಸದಿದ್ದರೆ ಬಣ್ಣದಲ್ಲಿ ಗಡಿ ಬೀಳುತ್ತದೆ. ಆಸಿಡ್ ಹಾಕಿ ತೊಳೆದರೆ ಹೊಳಪು ಹೋಗಿ ಮತ್ತೆ ಬರುವುದಿಲ್ಲ. ಬರಿ ನೀರು, ಆಗಾಗ ತುಸು ಎಣ್ಣೆ, ಮೇಲೆ ನೂರಾರು ಕಾಲುಗಳ ತಿಕ್ಕಾಟ. ಆ ಹೊಳಪು ಬರುವುದು ಹಾಗೆ. ಮಳೆಗಾಲದಲ್ಲಿ ಬಿಳಿ ಮಚ್ಚೆ ಎದ್ದರೆ ನೆಲದಡಿಯ ತೇವ ಉಪ್ಪನ್ನು ಮೇಲೆ ತಂದಿರುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಒರೆಸಿದರೆ ಸಾಕು, ಟೈಲ್ಸ್ ಹಾಕುವ ಅಗತ್ಯವಿಲ್ಲ.

ಮಾಡಿನ ಕೆಲಸ ಏಪ್ರಿಲ್–ಮೇ ತಿಂಗಳಿನದು. ಪಾಚಿ ಕೆರೆದು, ಕೋತಿ ಸರಿಸಿದ್ದನ್ನು ಕೂರಿಸಿ, ಒಡೆದದ್ದನ್ನು ಬದಲಿಸಬೇಕು. ಇಲ್ಲೊಂದು ಸಣ್ಣ ಸಿಕ್ಕು: ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಬಗೆ. ಬೇರೆ ಅಚ್ಚಿನ ಹೆಂಚು ಹಳೆಯದರ ತುಟಿಗೆ ಸರಿಯಾಗಿ ಕೂರುವುದಿಲ್ಲ, ಆ ಒಂದು ಬೆರಳಿನ ಸಂದಿಯಲ್ಲೇ ಇಡೀ ಮಳೆಗಾಲದ ನೀರು ಒಳಗಿಳಿಯುತ್ತದೆ. ಮುದ್ರೆ ನೋಡಿ, ಅದೇ ಅಚ್ಚಿನದನ್ನು ಕೆಡವಿದ ಮನೆಗಳಿಂದ ಹುಡುಕಿ ತರುತ್ತಾರೆ. ಹಳೆ ಹೋಟೆಲಿನ ಹಿತ್ತಲಿನಲ್ಲಿ ಸೌದೆಯ ರಾಶಿಯ ಪಕ್ಕ ಪಾಚಿಗಟ್ಟಿದ ಐವತ್ತು–ನೂರು ಹೆಂಚು ಪೇರಿಸಿಟ್ಟಿರುವುದು ಅದಕ್ಕೆ.